ನನ್ನ ಹೆಸರಿಗಾದ ಜೀಪು

ಆ ಜೀಪು ನನ್ನದಾಗಬೇಕಾಗಿರಲಿಲ್ಲ. ಈ ಮಾತನ್ನು ನಾನು ಹೆಂಡತಿಗೂ ಬಹಳ ವರ್ಷ ಹೇಳಿರಲಿಲ್ಲ.

ಆಗ ನಾನು ಶಹಾಪುರದ ಕಡೆ ಒಂದು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕೃಷ್ಣೆಯ ನೀರು ಕೆಲವು ಹೊಲಗಳಿಗೆ ಬಂದಿತ್ತು, ಕೆಲವಕ್ಕೆ ಇನ್ನೂ ಬರಬೇಕಿತ್ತು. ಜೋಳ ತೊಗರಿ ಬೆಳೆಯುತ್ತಿದ್ದ ಕಪ್ಪು ಎರಿ ಭೂಮಿಯಲ್ಲಿ ಜನ ಭತ್ತದ ಮಾತಾಡಲು ಶುರುಮಾಡಿದ್ದರು. ಕಾಲುವೆಯ ಏರಿಯ ಮೇಲೆ ಇಂಜಿನಿಯರುಗಳನ್ನು ಕರೆದೊಯ್ಯಲು ಕಚೇರಿಗೆ ಒಂದು ಹಳೆಯ ಡೀಸೆಲ್ ಜೀಪಿತ್ತು. ಮೇಲೆ ತಾಡಪತ್ರಿಯ ಹುಡ್, ದೊಡ್ಡ ಗೇರಿನ ಪಕ್ಕದಲ್ಲಿ ನಾಲ್ಕೂ ಗಾಲಿಗೆ ಜೋರು ಕೊಡುವ ಒಂದು ಸಣ್ಣ ಗೇರು.

ಅದನ್ನು ಓಡಿಸುತ್ತಿದ್ದವರು ಗೋಗಿಯವರು, ಅಂದರೆ ಗೋಗಿ ಎಂಬ ಊರಿನವರು. ನನಗಿಂತ ಹತ್ತು ವರ್ಷ ದೊಡ್ಡವರು. ದಿನಗೂಲಿಯ ಮೇಲೆ ಸೇರಿ, ಕಾಯಂ ಆಗದೇ ಹದಿನಾಲ್ಕು ವರ್ಷ ಅದೊಂದೇ ಗಾಡಿ ಓಡಿಸಿದರು. ಕಚೇರಿಯಲ್ಲಿ ನಿನ್ನೆ ಮೊನ್ನೆ ಸೇರಿದವರೂ ಅವರನ್ನು ‘ಏ, ಬಾ ಇಲ್ಲೆ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಚಹಾದ ಗ್ಲಾಸು ಬೇರೆ ಇತ್ತು, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ. ಅದು ಅಲ್ಲೇ ಯಾಕಿರುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಕಚೇರಿಗೆ ಹೊಸ ಗಾಡಿ ಬಂತು. ಹಳೆಯದನ್ನು ಹರಾಜು ಹಾಕಲು ಮೇಲಿನಿಂದ ಆದೇಶವೂ ಬಂತು. ಹೊಸ ಗಾಡಿಯ ಜೊತೆ ಹೊಸ ಡ್ರೈವರ್ ಬಂದಿದ್ದರಿಂದ ಗೋಗಿಯವರ ಕೆಲಸವೂ ಅಲ್ಲಿಗೆ ಮುಗಿಯಿತು. ಕೊನೆಯ ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

“ಸಾಹೇಬ್ರ, ಈ ಜೀಪು ನಾನೇ ತಗೋಬೇಕಂತ ಮಾಡೀನಿ. ನಮ್ಮೂರ ಹೆಣ್ಮಕ್ಕಳು ಭತ್ತ ಹಚ್ಚಾಕ ಕಾಲಿವಿ ಕಡಿ ನಡ್ಕೊಂತ ಹೋಗ್ತಾರ. ಅವರನ್ನ ಒಯ್ದು ಬಿಟ್ಟು ಬಂದ್ರ ನನ್ನ ಹೊಟ್ಟಿ ನಡೀತದ. ಲಿಲಾವಿನ ದಿನ ಯಾವತ್ತಂತ ಒಂದು ಮಾತು ತಿಳಸ್ರಿ. ನನಗ ಓದಾಕ ಬರಂಗಿಲ್ಲ, ನಿಮಗ ಗೊತ್ತದ.”

“ತಿಳಸ್ತೀನಿ ತಗೋ,” ಅಂದೆ. ಆ ಹೊತ್ತಿಗೆ ಅದು ಖರೆ ಮಾತೇ ಆಗಿತ್ತು.

ನೋಟೀಸು ಟೈಪ್ ಮಾಡಿದವನು ನಾನೇ. ಟೈಪ್ ಮಾಡುತ್ತಿರುವಾಗಲೇ ಆಸೆ ಹುಟ್ಟಿತು ಅನಿಸುತ್ತದೆ. ಅದಕ್ಕೆ ಒಂದು ವರ್ಷ ಮೊದಲು ಯಾವುದೋ ಕಾಗದಪತ್ರ ಮುಟ್ಟಿಸಲು ಅದೇ ಜೀಪಿನಲ್ಲಿ ವನದುರ್ಗಕ್ಕೆ ಹೋಗಿದ್ದೆ. ವನದುರ್ಗ ನನ್ನ ಹೆಂಡತಿಯ ತವರು. ಜೀಪು ಊರೊಳಗೆ ಹೊಕ್ಕ ಕೂಡಲೇ ಕಟ್ಟೆಯ ಮೇಲಿದ್ದವರು ಎದ್ದು ನಿಂತಿದ್ದರು. ಬಸ್ಸಿನಿಂದ ಇಳಿದು ಚೀಲ ಹೊತ್ತು ಬರುವ ಅಳಿಯನಿಗೆ ಯಾರೂ ಎದ್ದವರಲ್ಲ. ಆ ಮರ್ಯಾದೆ ಜೀಪಿನದು ಅಂತ ನನಗೆ ಗೊತ್ತಿತ್ತು. ಆದರೂ ಅದರ ರುಚಿ ನಾಲಿಗೆಯ ಮೇಲೆ ಉಳಿದುಬಿಟ್ಟಿತ್ತು.

ಗೋಗಿಯವರು ಎರಡು ಸಲ ವಿಚಾರಿಸಲು ಬಂದರು. ಮೊದಲ ಸಲ ಬಂದಾಗ ತಾರೀಕು ನಿಜವಾಗಿಯೂ ಗೊತ್ತಾಗಿರಲಿಲ್ಲ. ಎರಡನೆಯ ಸಲ ಮಗಳ ಜೊತೆ ಬಂದರು. ಏಳನೆಯ ತರಗತಿಯ ಹುಡುಗಿ, ಯಾವುದೋ ಸರ್ಟಿಫಿಕೇಟಿಗೆಂದು ಶಹಾಪುರಕ್ಕೆ ಕರೆತಂದಿದ್ದರು. ಅವಳು ಬಾಗಿಲಲ್ಲೇ ನಿಂತಳು. ಹರಾಜಿನ ನೋಟೀಸು ಅದೇ ಬಾಗಿಲ ಪಕ್ಕದ ಗೋಡೆಯ ಮೇಲೆ, ಅವರ ಬೆನ್ನ ಹಿಂದೆ ಅಂಟಿಸಿತ್ತು.

“ತಾರೀಖು ಬಂತೇನ್ರಿ?”

“ಇನ್ನಾ ಬಂದಿಲ್ಲ,” ಅಂದೆ. ದನಿ ನಡುಗಲಿಲ್ಲ. ಆ ದಿನದಲ್ಲಿ ನನಗೆ ಈಗಲೂ ತಡೆಯಲಾಗದ್ದು ಅದೇ.

ಹರಾಜಿನಲ್ಲಿ ಕಚೇರಿಯವರು ಸವಾಲು ಕೂಗುವಂತಿರಲಿಲ್ಲ. ನನ್ನ ಭಾವಮೈದುನನಿಂದ ಕೂಗಿಸಿದೆ. ಗುಜರಿಯವರು ಇಬ್ಬರು ಬಂದಿದ್ದರು, ಬೇಗ ಸುಮ್ಮನಾದರು. ಕೆಲವು ತಿಂಗಳ ಮೇಲೆ ಜೀಪನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ.

ಹರಾಜಾದ ಮೂರನೆಯ ದಿನ ಗೋಗಿಯವರು ನನ್ನ ಮನೆಯ ಮುಂದೆ ಬಂದರು. ತಾರೀಕು ಏಕಾಏಕಿ ಬಂತು, ಹೇಳಿ ಕಳಿಸಲು ಯಾರೂ ಸಿಗಲಿಲ್ಲ ಎಂದು ಒಂದು ಕಥೆ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಏನೂ ಕೇಳಲಿಲ್ಲ. ಜೀಪಿನ ಸುತ್ತ ಒಂದು ಸಲ ಅಡ್ಡಾಡಿದರು, ಬಗ್ಗಿ ಕೆಳಗೆ ನೋಡಿದರು.

“ಗೇರ್ ಆಯಿಲ್ ಬದ್ಲಿ ಮಾಡ್ರಿ. ಮುಂದಿನ ಎಡಗಡಿ ಸ್ಪ್ರಿಂಗ್ ಪಾಟಾದಾಗ ಒಂದು ಪಟ್ಟಿ ಸೀಳ್ಯಾದ. ತಗ್ಗಿನ್ಯಾಗ ಸಾವಕಾಶ ಇಳಸ್ರಿ,” ಎಂದು ಹೇಳಿ ಹೊರಟುಹೋದರು.

ಹಳೆಯ ಜೀಪು ಸಾಕುವುದು ಅಂದರೇನು ಅಂತ ಆಮೇಲೆ ತಿಳಿಯಿತು. ಬ್ಯಾಟರಿ ಇಳಿದರೆ ಸೆಲ್ಫ್ ತಗೊಳ್ಳುತ್ತಿರಲಿಲ್ಲ, ಅದಕ್ಕೇ ಯಾವಾಗಲೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದೆ. ಸ್ಟೇರಿಂಗು ಅರ್ಧ ಸುತ್ತು ತಿರುಗಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ಬ್ರೇಕಿನ ಎಣ್ಣೆ ಎಲ್ಲಿಂದ ಸೋರುತ್ತದೆ ಎಂಬುದು ರಂಗಂಪೇಟೆಯ ಗ್ಯಾರೇಜ್ ಮೇಸ್ತ್ರಿಗೂ ಬಗೆಹರಿಯಲಿಲ್ಲ. ಅವನು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ, ಕೊನೆಗೆ ಕೈ ಒರೆಸಿಕೊಳ್ಳುತ್ತಾ, “ಇದನ್ನ ಹೊಡೀತಿದ್ರಲ್ಲ, ಗೋಗಿಯವರು, ಅವರಿಗೇ ಕೇಳ್ರಿ,” ಅನ್ನುತ್ತಿದ್ದ.

ನಾಚಿಕೆಯಿಲ್ಲದೆ ಹೇಳಿ ಕಳಿಸುತ್ತಿದ್ದೆ. ಅವರು ಬರುತ್ತಿದ್ದರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ ಇಂಜಿನ್ನು ಕೇಳಿ, ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದರು. ನನಗೂ ಕಲಿಸಿದರು. ಗ್ರೀಸು ಎಲ್ಲೆಲ್ಲಿ ಹೊಡೆಯಬೇಕು, ಸಣ್ಣ ಗೇರು ಯಾವಾಗ ಹಾಕಬೇಕು, ಯಾವಾಗ ಹಾಕಲೇಬಾರದು. ನನ್ನ ಹೆಂಡತಿ ‘ಒಳಗೆ ಬಂದು ಚಹಾ ತಗೊಳ್ಳಿ’ ಅಂದರೆ, “ಇಲ್ಲೇ ಇರ್ಲಿ ಬಿಡ್ರಿ ತಾಯಿ, ಕೈ ಎಣ್ಣಿ ಆಗ್ಯಾವ,” ಅನ್ನುತ್ತಿದ್ದರು. ಕೈ ತೊಳೆಯಲು ನೀರು ಕೊಡಬೇಕಾದವನು ನಾನು ಸುಮ್ಮನೆ ನಿಂತಿರುತ್ತಿದ್ದೆ.

ಒಂದು ಮಳೆಗಾಲದಲ್ಲಿ ಹೆಂಡತಿಯೊಂದಿಗೆ ವನದುರ್ಗದಿಂದ ಬರುತ್ತಾ, ಒಳದಾರಿಯೆಂದು ಕಾಲುವೆಯ ಪಕ್ಕದ ಹೊಲದ ಹಾದಿ ಹಿಡಿದೆ. ಎರಿ ಮಣ್ಣು ಗಾಲಿಗೆ ಸುತ್ತಿಕೊಂಡು ಗಾಡಿ ಹೂತಿತು. ಸಿಟ್ಟಿನಿಂದ ರೇಸ್ ಕೊಟ್ಟೆ. ಅಚ್ಚಿನವರೆಗೂ ಇಳಿದು ಇಂಜಿನ್ನೂ ನಿಂತಿತು. ಸೆಲ್ಫ್ ಹೊಡೆದು ಹೊಡೆದು ಸಾಕಾಗುವ ಹೊತ್ತಿಗೆ ಏರಿಯ ಮೇಲೆ ಒಂದು ಟೆಂಪೋ ಬಂದು ನಿಂತಿತು. ಹಿಂದೆ ಭತ್ತ ಹಚ್ಚಿ ಬರುತ್ತಿದ್ದ ಹೆಣ್ಣುಮಕ್ಕಳು, ಮೊಣಕಾಲವರೆಗೆ ಕೆಸರು. ಡ್ರೈವರ್ ಸೀಟಿನಿಂದ ಇಳಿದವರು ಗೋಗಿಯವರೇ. ಯಾರದೋ ಟೆಂಪೋಕ್ಕೆ ಕೂಲಿಯ ಡ್ರೈವರಾಗಿದ್ದರು.

“ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕಾದ,” ಅಂದರು. ಒಂದು ನಟ್ಟು ಸಡಿಲಿಸಿ ಕೈಪಂಪು ಒತ್ತುತ್ತಾ, ಬರುವ ಗುಳ್ಳೆ ಮುಗಿಯುವ ತನಕ ಕಾದು ಬಿಗಿ ಮಾಡಿದರು. ಹೆಣ್ಣುಮಕ್ಕಳು ಜೋಳದ ದಂಟು ತಂದು ಗಾಲಿಯ ಕೆಳಗೆ ಹಾಸಿದರು. ಗೋಗಿಯವರು ಹತ್ತಿ ಕೂತು, ಸಣ್ಣ ಗೇರು ಹಾಕಿ, ಒಂದಿಷ್ಟೂ ರೇಸ್ ಕೊಡದೆ ಜೀಪನ್ನು ಮೇಲೆ ತಂದರು. ಅದು ಎಮ್ಮೆ ಹೊಂಡದಿಂದ ಎದ್ದು ಬಂದಂತೆ ಎದ್ದು ಬಂತು.

ಆ ಹೆಣ್ಣುಮಕ್ಕಳು ಕೂಡಬೇಕಾಗಿದ್ದದ್ದು ಈ ಜೀಪಿನಲ್ಲಿ. ಅಲ್ಲಿ ಅದು ಗೊತ್ತಿದ್ದವರು ಅವರು ಮತ್ತು ನಾನು, ಇಬ್ಬರೇ. ಹೆಂಡತಿ ನಗುತ್ತಾ, “ಇದು ನಿಮಗಿಂತ ಅವರ ಮಾತೇ ಕೇಳ್ತದ ನೋಡ್ರಿ,” ಅಂದಳು. ನಾನೂ ನಕ್ಕೆ. ಆ ದಿನವೇ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಮುಂದೆ ಅವರು ಬಂದಾಗಲೆಲ್ಲ ಇವತ್ತು ಹೇಳಬೇಕು ಅಂದುಕೊಂಡು, ಸ್ಪ್ಯಾನರ್ ಕೊಡುವುದು ಹಿಡಿಯುವುದರಲ್ಲೇ ಹೊತ್ತು ಕಳೆದೆ.

ನಾನು ನಿವೃತ್ತನಾದ ವರ್ಷ, ಅವರ ಕಣ್ಣು ಹೋಗಿವೆ, ಗಾಡಿ ಬಿಟ್ಟಿದ್ದಾರೆ ಎಂದು ಮೇಸ್ತ್ರಿಯಿಂದ ಗೊತ್ತಾಯಿತು. ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. “ನನ್ನ ತವರಿನವರ ಮುಂದ ಮೆರ್‍ಯಾಕಂತ ಹಿಂಗ ಮಾಡಿದ್ರಿ?” ಅಂತಷ್ಟೇ ಅವಳು ಕೇಳಿದಳು. ಬೆಳಗ್ಗೆ ಜೀಪು ತೆಗೆದುಕೊಂಡು ಅವರ ಊರು ಗೋಗಿಗೆ ಹೋದೆ.

ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು. ನಾನು ಇಳಿದು ಮಾತಾಡಿಸುವ ಮೊದಲೇ, “ಸೈಲೆನ್ಸರ್ ಒಡದದ್ರಿ,” ಅಂದರು.

ಅವರ ಪಕ್ಕ ಕೂತು, ಮೊದಲ ಸಲ ಅವರಿಗೆ ‘ನೀವು’ ಅಂದೆ. “ನೀವು ಎರಡನೇ ಸಲ ಬಂದಾಗ ತಾರೀಖು ಬಂದಿತ್ರಿ. ನೋಟೀಸು ನಿಮ್ಮ ಬೆನ್ನ ಹಿಂದೇ ಇತ್ತು. ನಾ ಸುಳ್ಳು ಹೇಳಿದೆ.”

“ಗೊತ್ತದ್ರಿ. ಹೊರಗ ಬಂದಕೂಡ್ಲೆ ಮಗಳು ಓದಿದ್ದು ಹೇಳಿದ್ಳು.”

“ಮತ್ತ ಲಿಲಾವಿಗೆ ಯಾಕ ಬರ್ಲಿಲ್ರಿ?”

“ನಾ ಬಂದು ನಿಂತಿದ್ರ ಎಲ್ಲರ ಮುಂದ ನಿಮ್ಮ ಮಾತು ಸುಳ್ಳಾಗ್ತಿತ್ತು. ಹದಿನಾಕು ವರ್ಷ ಕೂಡಿ ಕೆಲಸ ಮಾಡೀವಿ. ಮನಸ್ಸು ತಿರುಗಿ ನೀವೇ ಕರೀತೀರಿ ಅಂತ ಕಾದೆ.”

“ಅಷ್ಟಾದ ಮ್ಯಾಲೂ ಕರೆದಾಗೆಲ್ಲ ರಿಪೇರಿಗೆ ಬಂದ್ರಲ್ಲ...”

“ಜೀಪು ಏನು ತಪ್ಪು ಮಾಡಿತ್ರಿ?”

ಬೀಗದ ಕೈ ಅವರ ಕೈಯಲ್ಲಿಟ್ಟು, ಗಾಡಿ ನಿಮ್ಮದೇ ಅಂದೆ. ಅವರು ಅದನ್ನು ಹೊರಸಿನ ಮೇಲೆ, ನನ್ನ ಕಡೆಗೆ ಸರಿಸಿದರು. “ಈಗ ಕೊಟ್ರ ಏನು ಮಾಡ್ಲಿ? ಕಣ್ಣಿಲ್ಲ. ಅವಾಗ ಕೊಡಬೇಕಾಗಿತ್ರಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆಮೇಲೆ ಅವರೇ, “ಒಂದು ಸುತ್ತು ಹೊಡಸ್ರಿ,” ಅಂದರು. ಕಾಲುವೆಯವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹುಡ್ಡಿನ ಕಬ್ಬಿಣ ಹಿಡಿದುಕೊಂಡು, ಗೇರು ಬದಲಿಸುವ ಹೊತ್ತು ಬಂದಾಗ “ಹ್ಞಾಂ” ಅನ್ನುತ್ತಿದ್ದರು.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಹನ್ನೆರಡು ದಿನಗಳಾದ ಮೇಲೆ. ಹೋದಾಗ ಮಗಳು ಇದ್ದಳು, ಈಗ ಶಾಲೆಯ ಟೀಚರು. ಒಳಗೆ ಕರೆದು, ಕುರ್ಚಿ ಕೊಟ್ಟು, ಚಹಾ ತಂದಿಟ್ಟಳು. ನನ್ನ ತಪ್ಪನ್ನು ಅವಳಿಗೂ ಹೇಳಲು ಬಾಯಿ ತೆರೆದೆ.

“ಅಪ್ಪ ಎಲ್ಲಾ ಹೇಳ್ಯಾನ್ರಿ,” ಅಂದಳು. “ನೀವು ಬಂದು ಹೇಳಿದ್ದು ಚೊಲೋ ಮಾಡಿದ್ರಿ. ಆದ್ರ ನೋಟೀಸು ಓದಿದಾಕಿ ನಾನು. ಅವತ್ತು ಹೊರಗ ಕಟ್ಟಿ ಮ್ಯಾಲ ಕುಂತು ಅಪ್ಪ ಅತ್ತಿದ್ದ. ಅದನ್ನ ಅವ ನಿಮಗ ಹೇಳಿರಂಗಿಲ್ಲ.”

ಹೇಳಿರಲಿಲ್ಲ. ನಾನು ಆ ಹೊತ್ತಿನಲ್ಲಿ ಒಳಗೆ ಟೈಪ್ ಮಾಡುತ್ತಿದ್ದಿರಬೇಕು.

ಆಮೇಲೆ ಜೀಪು ಓಡಿಸಲು ಮನಸ್ಸಾಗಲಿಲ್ಲ. ಸುರಪುರದ ಕಡೆಯ ರೈತನೊಬ್ಬ ಬಂದು ಒಯ್ದ. ಅವನಿಗೆ ಗಾಡಿ ಬೇಕಿರಲಿಲ್ಲ, ಇಂಜಿನ್ನು ಬೇಕಿತ್ತು. ಕಾಲುವೆಯಿಂದ ಎತ್ತರದ ಹೊಲಕ್ಕೆ ನೀರೆತ್ತಲು ಅದನ್ನು ಪಂಪಿಗೆ ಜೋಡಿಸಿದ್ದಾನಂತೆ. ಒಮ್ಮೆ ಬಂದು ನೋಡ್ರಿ ಅಂದಿದ್ದ. ನಾನು ಹೋಗಲಿಲ್ಲ.