ನಂಜುಂಡಪ್ಪನವರ ಮೂರು ದಿನ

ಹೊಸ ರಬ್ಬರ್ ರಿಂಗು ಬಂದರೆ ನಂಜುಂಡಪ್ಪನವರು ಮೊದಲು ಅದನ್ನು ಮೂಸುತ್ತಿದ್ದರು. ಆಮೇಲೆ ಹೆಬ್ಬೆರಳ ಉಗುರೊತ್ತಿ, "ಇನ್ನೂ ಸರಿಯಾಗಿ ಬೆಂದಿಲ್ಲ ಸಾರ್" ಎನ್ನುವರು. ಗಡಸುತನ ಅಳೆಯುವ ಮೀಟರು ಹಚ್ಚಿದರೆ ಅದೂ ಅದನ್ನೇ ಹೇಳುತ್ತಿತ್ತು.

ದೊಡ್ಡನೆಕ್ಕುಂದಿಯ ನಮ್ಮ ಕಾರ್ಖಾನೆ ನಿಂತ ಜಾಗದಲ್ಲೇ ಅವರಪ್ಪ ರಾಗಿ ಬೆಳೆದಿದ್ದರಂತೆ. ನಾನು ಎಂಜಿನಿಯರಾಗಿ ಸೇರಿದಾಗ ಪರೀಕ್ಷೆಯ ಕೋಣೆ ಅವರ ಕೈಯಲ್ಲಿತ್ತು. ತೈಲಬಾವಿಯ ಕೊಳವೆಗೆ ತೊಡಿಸುವ ರಿಂಗುಗಳು ನಮ್ಮವು. ಅವು ಎಣ್ಣೆ ಕುಡಿದು ಉಬ್ಬಿ, ಸುತ್ತಲ ಸಂದು ಮುಚ್ಚಿ, ನೆಲದೊಳಗಿನ ಒಂದು ಪದರದ ನೀರು ಇನ್ನೊಂದು ಪದರದ ಎಣ್ಣೆಗೆ ಸೇರದಂತೆ ತಡೆಯಬೇಕು. ಹದಿನಾಲ್ಕು ದಿನ ಬಿಸಿ ಎಣ್ಣೆಯಲ್ಲಿಟ್ಟು, ಆಮೇಲೆ ಒತ್ತಡ ಕೊಟ್ಟು ನೋಡುತ್ತಿದ್ದೆವು.

"ಉಬ್ಬೋದು ಎಲ್ಲಾ ಉಬ್ತವೆ ಸಾರ್. ಕೊನೇ ಮೂರು ದಿನ ಮೆತ್ತಗಾಗ್ದೆ ತಡ್ಕೊಳ್ತಾವಾ ಅನ್ನೋದೇ ಮುಖ್ಯ" ಎನ್ನುತ್ತಿದ್ದರು.

ಒಮ್ಮೆ ಮಗಳ ಹೆರಿಗೆಗೆಂದು ಅವರು ಎರಡು ದಿನ ರಜೆ ಹಾಕಿದ್ದರು. ಮಾಲು ಕಳಿಸಲು ಮೇಲಿನವರ ಅವಸರ. ನಾನು ಹನ್ನೊಂದನೇ ದಿನವೇ ರಿಂಗು ತೆಗೆದು ಒತ್ತಡ ಕೊಟ್ಟೆ, ತಡೆಯಿತು. ಎಣ್ಣೆಗಿಟ್ಟ ತಾರೀಖು ಬರೆದು ಡಬ್ಬಿಯ ಮೇಲೆ ಅವರು ಅಂಟಿಸಿದ್ದ ಚೀಟಿ ಕಿತ್ತು, ಮೂರು ದಿನ ಹಿಂದಿನ ತಾರೀಖು ಹಾಕಿ, ಅವರ ಅಕ್ಷರದಂತೆಯೇ ಇನ್ನೊಂದು ಬರೆದೆ.

ಮರಳಿ ಬಂದವರು ಚೀಟಿಯನ್ನು ಬಹಳ ಹೊತ್ತು ನೋಡಿದರು. "ಹನ್ನೊಂದೇ ಅಲ್ವಾ ಸಾರ್ ಆಗಿದ್ದು?"

"ನೀವೇ ಬರೆದಿದ್ದೀರಲ್ಲ ನಂಜುಂಡಪ್ಪ" ಎಂದೆ. ಅವರು ಪರೀಕ್ಷೆಯ ವರದಿಗೆ ರುಜು ಹಾಕಿದರು.

ಬಾವಿಯಲ್ಲಿ ಆ ಮಾಲಿನ ರಿಂಗುಗಳು ಮೆತ್ತಗಾಗಿ ಸೀಳಿದವು. ವಿಚಾರಣೆಯಲ್ಲಿ, ನಂಜುಂಡಪ್ಪನವರು ಚೀಟಿಯಲ್ಲಿ ಬರೆದ ತಾರೀಖೇ ತಪ್ಪಾಗಿರಬೇಕೆಂದು ನಾನು ಹೇಳಿದೆ. ಅವರು ನನ್ನ ಮುಖ ನೋಡಿ, "ಇರಬೋದು ಸ್ವಾಮಿ, ಮಗಳ ಯೋಚ್ನೇಲಿದ್ದೆ" ಎಂದರು. ಕೆಲಸ ಹೋಯಿತು. ನನಗೆ ಬಡ್ತಿ ಸಿಕ್ಕಿತು.

ಕೆಲವು ವರ್ಷಗಳ ನಂತರ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹೆಂಡತಿಯೊಂದಿಗೆ ಸಿಕ್ಕರು. ತಲೆ ತಪ್ಪಿಸಿಕೊಳ್ಳಲು ನೋಡಿದೆ. ಅವರೇ ಕೂಗಿ ಕರೆದರು. ಏನೂ ಸಿಟ್ಟಿರಲಿಲ್ಲ.

"ಆವತ್ತಿಂದ ನನ್ ಮೇಲೇ ನಂಗೆ ನಂಬಿಕೆ ಹೋಗ್ಬಿಡ್ತು ಸಾರ್. ಮಾತ್ರೆ ನುಂಗಿದ್ನಾ ಅಂತ ಇವಳ್ನ ಎರಡೆರಡು ಸಲ ಕೇಳ್ತೀನಿ" ಎಂದು ನಕ್ಕರು. ಹೆಂಡತಿ ನಗಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು.

"ವಯಸ್ಸಾದ್ರೆ ಎಲ್ರಿಗೂ ಹಾಗೇ ನಂಜುಂಡಪ್ಪ" ಎಂದೆ.

"ಹೌದು ಸಾರ್" ಎಂದು ಅವರು ಅದನ್ನೂ ನಂಬಿದರು.

ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ.