ಗಂಗತ್ತೆಯ ಮೊಗೆಬಳ್ಳಿ, ಮೂರು ಬೆಕ್ಕು

ಗಂಗತ್ತೆಯ ಮೊಗೆಬಳ್ಳಿಯ ಬುಡದಲ್ಲಿ ಯಾವಾಗಲೂ ಮೂರು ಬೆಕ್ಕು ಕೂತಿರುತ್ತಿದ್ದವು. ಹಾಲಿನ ಪಾತ್ರೆ ಬಿಟ್ಟು ತರಕಾರಿ ಕಾಯುವ ಬೆಕ್ಕುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೇಳಿದರೆ ಅತ್ತೆ ತಲೆಯೆತ್ತದೆ, "ಅವಕ್ಕೂ ತಂಪು ಬೇಕಲ್ದನೆ ಕೂಸೆ, ಬಿಡು" ಅನ್ನುತ್ತಿದ್ದಳು.

ಅವಳು ನನ್ನ ಮಾವನ ತಂಗಿ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು, ಕಾನಸೂರಿನ ಹತ್ತಿರದ ತವರಿಗೆ ಮರಳಿದವಳು. ಮೂವತ್ತರ ದಶಕದಲ್ಲಿ ನಾನು ಸೋಂದಾದಿಂದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅಡುಗೆಮನೆ ಪೂರ್ತಿ ಅವಳ ಕೈಯಲ್ಲಿತ್ತು. ಅವಳಿಗೆ ಇದ್ದದ್ದೇ ಅದೊಂದು. ಅವಳ ಮಡಿಗೆ ನಾನು ಹೆದರಿದಷ್ಟು ಹುಲಿಗೂ ಹೆದರಿದವಳಲ್ಲ. ಒಮ್ಮೆ ಮೀಯದೆ ಒಳಗೆ ಹೋದ ನನ್ನ ಸೆರಗು ತಾಗಿತೆಂದು ಇಡೀ ಪಾತ್ರೆ ಸಾರನ್ನು ಹಿತ್ತಲಿಗೆ ಚೆಲ್ಲಿ, ಮತ್ತೆ ಮಿಂದು, ಮತ್ತೆ ಬೇಳೆ ಬೇಯಿಸಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಅವಳ ಬೇಸಿಗೆ ತರಕಾರಿ ಏಳುತ್ತಿತ್ತು. ಮೊಗೆ ಎಂಬ ದಪ್ಪ ಸೌತೆ, ಬದನೆ, ಅಲಸಂದೆ, ಹರಿವೆ. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ. ಇಬ್ಬನಿ ಆರುವ ಮೊದಲೇ ಎಲೆಗಳಿಗೆ ಒಲೆಯ ಬೂದಿ ಎರಚುವಳು, ಸಂಜೆ ಕೆರೆಯಿಂದ ಕೊಡಗಟ್ಟಲೆ ನೀರು ಹೊರುವಳು. ಬುಡ ಬಿಡಿಸಿ ಗೊಬ್ಬರ ಹಾಕುವ ದಿನ ಮಾತ್ರ ಯಾರನ್ನೂ ಹತ್ತಿರ ಬಿಡಳು. ಅದೂ ಮಡಿಯ ಒಂದು ಬಗೆ ಇರಬೇಕೆಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಅವಳ ಮೊಗೆಕಾಯಿಯನ್ನು ಎತ್ತಲು ಎರಡು ಕೈ ಬೇಕು. ಬಾಳೆನಾರಿನಲ್ಲಿ ಕಟ್ಟಿ ತೊಲೆಗೆ ತೂಗಿಬಿಟ್ಟರೆ ಮಳೆಗಾಲ ಕಳೆದರೂ ಕೆಡದು. ಹೊಗಳಿದವರಿಗೆಲ್ಲ ಒಂದೇ ಉತ್ತರ: "ಅದ್ಕೆ ಹೊಟ್ಟೆ ತುಂಬ ಹಾಕಿದ್ದಿ, ಕೊಡ್ದೆ ಎಂತ ಮಾಡ್ತು?"

ಆ ವೈಶಾಖದಲ್ಲಿ ನನ್ನ ಮೈದುನನ ಉಪನಯನ. ಅಂಗಳದ ಚಪ್ಪರದಲ್ಲಿ ಪಂಕ್ತಿ ಕೂತಿತ್ತು. ಗಂಗತ್ತೆಯ ಮೊಗೆಕಾಯಿ ಹುಳಿಯನ್ನು ಎರಡನೇ ಸಲ ಬಡಿಸುತ್ತಿದ್ದರು. ಆಗ ಬೆಕ್ಕೊಂದು ಗದ್ದೆ ಕಡೆಯಿಂದ ನುಗ್ಗಿ ಬಂದು, ಪುರೋಹಿತರ ಎಲೆಯ ಎದುರಿಗೇ ಬಾಯಲ್ಲಿದ್ದುದನ್ನು ಉದುರಿಸಿತು. ಮಣ್ಣು ಮೆತ್ತಿದ ಒಣಮೀನು. ಅದರ ಬೆನ್ನಿಗೇ ಇನ್ನೊಂದು ಬೆಕ್ಕು, ಅದರ ಬಾಯಲ್ಲೂ ಒಂದು!

ಪಂಕ್ತಿಗೆ ಪಂಕ್ತಿಯೇ ತುತ್ತು ಬಿಟ್ಟು ಕೂತಿತು.

"ಬೆಕ್ಕು ಎಲ್ಲಿಂದ್ಲೋ ಕಚ್ಗಂಡು ಬಂಜು, ಅಷ್ಟೇಯ" ಎಂದರು ಮಾವ. ಅವರ ದನಿ ನಡುಗುತ್ತಿತ್ತು. ಸಿಟ್ಟಿಗೆ ನಡುಗುತ್ತಿದೆ ಎಂದು ತಿಳಿದೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಸುಮ್ಮನಿದ್ದರೆ ಸಾಕಿತ್ತು. "ಎಲ್ಲಿಂದ್ಲೋ ಅಲ್ಲ ಅಣ್ಣ" ಅಂದಳು. "ಮೊಗೆಬಳ್ಳಿ ಬುಡಕ್ಕೆ ಆನೇ ಹುಗ್ದಿದ್ದಿ. ಉಂಡವ್ಕೆ ಸುಳ್ಳು ಹೇಳದು ಬ್ಯಾಡ."

ಯಾರೋ ಓಡಿಹೋಗಿ ವಾಂತಿ ಮಾಡಿಕೊಂಡರು. ಉಳಿದವರು ಎದ್ದರು. ಸೆರಗು ತಾಗಿದ್ದಕ್ಕೆ ಸಾರು ಚೆಲ್ಲಿದ ಕೈ ಮೀನು ಹುಗಿದಿದೆ ಎಂಬುದನ್ನು ನಂಬುವುದು ಹೇಗೆ? ಮಾವ ಅವಳತ್ತ ನೋಡದೆಯೇ, "ಇವತ್ತಿಂದ ಒಲೆ ಮುಟ್ಟಡ ಗಂಗೆ" ಅಂದರು. ಅತ್ತೆ ಬಾಯಿ ತೆರೆದಳು. ಅಣ್ಣನ ಮುಖ ನೋಡಿ ಮುಚ್ಚಿಕೊಂಡಳು.

ಅವಳ ವಾಸ ಕೊಟ್ಟಿಗೆಯ ಪಕ್ಕದ ಕೋಣೆಗೆ ಬಂತು. ತರಕಾರಿಗೆ ಯಾರೂ ನೀರು ಹಾಕಕೂಡದೆಂದು ಅಪ್ಪಣೆಯಾಯಿತು. ಬಳ್ಳಿಗಳು ಒಣಗುವುದನ್ನು ಅವಳು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ನಾನೂ ಬಹಳ ದಿನ ಆ ಕಡೆ ಸುಳಿಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೊಂದು ದಿನ ಅವಳೇ ಕೂಗಿ ಕರೆದಳು. ಅಂಗೈಯಲ್ಲಿ ಮೊಗೆಬೀಜಗಳಿದ್ದವು.

"ಒಲೆ ಬೂದಿ ಒಂಚೂರು ತಂದ್ಕೊಡೆ ಕೂಸೆ. ಬೂದಿ ಇಲ್ದಿದ್ರೆ ಬೀಜಕ್ಕೆ ಹುಳ ಹಿಡಿತು. ಆನು ಒಲೆ ಮುಟ್ಟಲಾಗ್ತಿಲ್ಲೆ."

ತಂದುಕೊಟ್ಟೆ. ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದೇ. ಆ ಮಳೆಗಾಲದ ಚಳಿಜ್ವರ ಅವಳನ್ನು ಒಯ್ದಿತು.

ಮುಂದಿನ ಬೇಸಿಗೆಯಲ್ಲಿ ಸಿರ್ಸಿಯ ಇಮಾಮ್ ಸಾಬ, ಕುಮಟೆಯಿಂದ ಘಟ್ಟ ಹತ್ತಿಸಿ ಉಪ್ಪು ತರುವವನು, ಮಾವ ತೋಟಕ್ಕೆ ಹೋದ ಹೊತ್ತಿಗೆ ಗಾಡಿ ನಿಲ್ಲಿಸಿ ಎರಡು ಚೀಲ ಇಳಿಸಿದ. ಒಂದರಿಂದ ಮೀನಿನ ವಾಸನೆ ಬರುತ್ತಿತ್ತು. ನನಗೆ ಅಳು ಬಂತು.

"ಒಯ್ಯೋ ಸಾಬ. ಗಂಗತ್ತೆ ತೀರ್ಕಂಡ್ತು."

ಅವನು ತಲೆಯ ಬಟ್ಟೆ ತೆಗೆದ. ಆಮೇಲೆ ಅಂದ: "ಇದು ಗಂಗಮ್ಮನೋರಿಗೆ ತಂದಿದ್ದಲ್ಲ ಅಮ್ಮೋರೆ. ಯಜಮಾನ್ರ ವೀಳ್ಯದೆಲೆ ಬಳ್ಳಿಗೆ. ಹತ್ತು ವರ್ಷದಿಂದ ತರ್ತಾ ಇದೀನಿ. ಉಳಿದಿದ್ದು ಒಂದು ಬುಟ್ಟಿ ತಂಗಿಗೆ ಕೊಡು ಅಂತ ಮೊದ್ಲು ಹೇಳಿದ್ದೂ ಅವರೇ."

ದೇವರಿಗಿಡುವ ಎಲೆ. ಊಟವಾದ ಮೇಲೆ ಪುರೋಹಿತರಿಗೆ ಕೊಡುವ ಎಲೆ. ಅಂದು ಅಷ್ಟು ಜನರ ಎದುರು ಅತ್ತೆ ಒಂದೇ ಮಾತು ಆಡಿದ್ದರೆ ಸಾಕಿತ್ತು. ತನ್ನದನ್ನು ಒಪ್ಪಿಕೊಂಡವಳು ಅಣ್ಣನದನ್ನು ಬಾಯಿಬಿಡಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಾವ ಎಂದಿನಂತೆ ಎಲೆಗೆ ಕೈ ಚಾಚಿದರು. ತಟ್ಟೆ ಹಿಡಿದು ನಿಂತೇ ಇದ್ದೆ, ಕೊಡಲಿಲ್ಲ. ಯಾಕೆಂದು ಅವರು ಕೇಳಲೂ ಇಲ್ಲ.