ನೆನೆಹಾಕಿದ ಹಾಳೆ

"ನಾಳೆ ಬೆಳಿಗ್ಗೆ ನಾನೇ ಬಂದು ಮಗೂಗೆ ಸ್ನಾನ ಮಾಡಿಸ್ತೀನಿ. ಎರಡು ಹಾಳೆ ನೆನೆಹಾಕಿಡಿ. ದೊಡ್ಡದು ನೋಡಿ ಹಾಕಿ."

ಪಕ್ಕದ ಮನೆಯ ಸರೋಜಮ್ಮ ಬೇಲಿಯ ಆಚೆಯಿಂದ ಇಷ್ಟು ಹೇಳಿ ಒಳಗೆ ಹೋದರು. ನಾನು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಲ್ಲೇ ನಿಂತೆ. ಭದ್ರಾವತಿಗೆ ಬಂದ ಹೊಸದು. ಯಾವ ಬೀದಿ ಎಲ್ಲಿಗೆ ಹೋಗುತ್ತದೆ ಎಂಬುದೇ ತಿಳಿದಿರಲಿಲ್ಲ. ಹಾಳೆ ನೆನೆಸಿ ಕೂಸಿಗೆ ಸ್ನಾನ ಮಾಡಿಸುವ ಊರಿಗೆ ಬಂದು ಬಿದ್ದೆನಲ್ಲ ಎಂದುಕೊಂಡೆ.

ಬಿಜಾಪುರದ ಇಂಡಿ ಕಡೆಯ ನನ್ನ ಜನ ಇದನ್ನು ಓದಿದರೆ ನಗಲಾರರು ಎಂದು ನನಗೆ ಗೊತ್ತು. ನಮ್ಮಲ್ಲಿ ಹಾಳೆ ಎಂದರೆ, ಬಾಯಿಮಾತಿನಲ್ಲಿ ಹಾಳಿ ಎಂದರೆ, ಬರೆಯುವ ಕಾಗದ. ಇನ್ನೊಂದು ಅರ್ಥ ಇದೆ ಎಂದು ನಮ್ಮಪ್ಪನ ಕಾಲದಿಂದಲೂ ಯಾರಿಗೂ ಗೊತ್ತಿಲ್ಲ. ಸಂಜೆ ಯಜಮಾನರು ಶಾಲೆಯಿಂದ ಬಂದಾಗ ಕೇಳಿದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು, ನಮ್ಮ ಕಡೆಯವರೇ, ನನಗಿಂತ ಒಂದು ವರ್ಷ ಮೊದಲು ಇಲ್ಲಿಗೆ ಬಂದವರು. ಗಂಭೀರವಾಗಿ ಯೋಚಿಸಿ ಹೇಳಿದರು: "ಇದು ಕಾಗದ ತಯಾರಾಗೋ ಊರು. ಹಾಳಿ ನೆನಸಿದರ ನೀರು ಮೆತ್ತಗ ಆಗ್ತಿರಬೇಕು. ಮಾಡಿ ನೋಡೂಣು."

ವಿಜ್ಞಾನದ ಮೇಷ್ಟ್ರೇ ಹೀಗೆಂದ ಮೇಲೆ ನನ್ನದೇನು? ಹಳೆಯ ನೋಟ್‌ಬುಕ್ಕುಗಳಿಂದ ಬರೆಯದೆ ಉಳಿದ ಹಾಳೆಗಳನ್ನು ಹುಡುಕಿ ಕಿತ್ತೆ. ಕೂಸಿನ ಮೈಗೆ ಶಾಯಿ ಹತ್ತಬಾರದಲ್ಲ. ಎರಡು ಸಾಲದೆಂದು ಒಂದು ಹಿಡಿಯಷ್ಟು ಹೆಚ್ಚಿಗೆ ಸೇರಿಸಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ.

ಬೆಳಿಗ್ಗೆ ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಬಕೆಟ್ಟಿನಲ್ಲಿ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಬಕೆಟ್ ನೋಡಿದರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನಗತೊಡಗಿದವರು ನಿಲ್ಲಿಸಲೇ ಇಲ್ಲ.

"ಅಯ್ಯೋ ಮಾರಾಯ್ತಿ! ಮಗೂಗೆ ಸ್ನಾನ ಮಾಡಿಸ್ತೀಯೋ, ಪರೀಕ್ಷೆ ಬರೆಸ್ತೀಯೋ?"

ಮಾರಾಯ್ತಿ ಎನ್ನುವುದು ಇಲ್ಲಿ ಸಲಿಗೆಯ ಮಾತು, ಗಂಡಸರಿಗಾದರೆ ಮಾರಾಯ. ಅದು ಆಗ ನನಗೆಲ್ಲಿ ಗೊತ್ತು? ನನ್ನ ಕಿವಿಗೆ 'ಮಾರಿ' ಎಂದು ಬೈದ ಹಾಗೆ ಕೇಳಿಸಿತು. ಅದರ ಮೇಲೆ ನಿನ್ನೆಯವರೆಗೆ ನೀವು ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ನೀನು ಎಂದಿದ್ದರು. ನಮ್ಮ ಕಡೆ ಎರಡು ದಿನದ ಕೂಸಿಗೂ 'ರೀ' ಹಚ್ಚಿ ಮಾತಾಡಿಸುವ ಜನ ನಾವು. ನನ್ನ ಕಣ್ಣು ತುಂಬಿದ್ದು ಅವರಿಗೆ ನಗುವಿನಲ್ಲಿ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಬೀದಿಯ ನಲ್ಲಿಯ ಹತ್ತಿರ ಇದೇ ಮಾತು. ಎದುರುಮನೆಯ ತಮಿಳು ಹೆಂಗಸಿಗೆ ಕನ್ನಡ ಅರ್ಧಂಬರ್ಧ ಬರುತ್ತಿತ್ತು. ಆಕೆಯೂ ಕೊಡದಲ್ಲಿ ಕೈ ಅದ್ದಿ, ಕಾಗದ ಹಿಂಡುವ ಅಭಿನಯ ಮಾಡಿ ನಕ್ಕಳು. ಆ ಬೀದಿಯಲ್ಲಿ ನಾಲ್ಕು ಭಾಷೆ ಓಡಾಡುತ್ತಿದ್ದವು, ನನ್ನ ಭಾಷೆ ಮಾತ್ರ ಯಾರದೂ ಆಗಿರಲಿಲ್ಲ. ನಾನು ಅರ್ಧ ಕೊಡ ನೀರು ಹಿಡಿದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಮಾತಿನ ನೋವಿಗಿಂತ ದೊಡ್ಡದು ಮನೆಯ ಬೇಗೆ. ಬಾಣಂತನ ಮುಗಿಸಿ ನಾನು ಇಲ್ಲಿಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಶಿವರಾತ್ರಿಗೆ ಶಿವಶಿವಾ ಎಂದು ಚಳಿ ಹೋಯಿತು. ಹೋದದ್ದೇ ತಡ, ನಮ್ಮ ಸಿಮೆಂಟ್ ಶೀಟಿನ ಮನೆ ಕಾದ ಹಂಚಾಯಿತು. ಇಂಡಿ ಕಡೆಯವರು ನೀವೆಲ್ಲ, ಮಲೆನಾಡಿನ ಸೆರಗಿನಲ್ಲಿದ್ದೀ, ನಿನಗೇನು ತಂಪು ಎನ್ನುತ್ತಿದ್ದಿರಿ. ಬಿಸಿಲು ನಮ್ಮೂರಿನದೇ ಹೆಚ್ಚು, ನಿಜ. ಆದರೆ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೊರಗೆ ಕೆಂಡ ಸುರಿದರೂ ಒಳಗೆ ಕತ್ತಲು, ತಂಪು. ಇಲ್ಲಿ ಬಿಸಿಲು ಕಡಿಮೆ, ಸೂರು ಮಾತ್ರ ತೆಳ್ಳಗೆ. ಮಧ್ಯಾಹ್ನವಾದರೆ ಮಗಳು ಕಿರುಚಲು ಶುರು. ಕುತ್ತಿಗೆ, ಬೆನ್ನು, ತೊಡೆಯ ಸಂದಿ ಎಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು. ಡಾಕ್ಟರು ನೋಡಿ, "ಔಷಧಿಗಿಂತ ಮುಖ್ಯ ಮಗುನ ತಂಪಾಗಿ ಇಡೋದು. ಆಗಲ್ಲ ಅಂದ್ರೆ ಬೇಸಿಗೆ ಕಳೆಯೋ ತನಕ ಬೇರೆ ಕಡೆ ಇರಿ" ಎಂದರು.

ಎಸ್‌ಟಿಡಿ ಬೂತಿಗೆ ಹೋಗಿ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿ ಅಣ್ಣನನ್ನು ಕರೆಸಿದೆ. ದನಿ ಕೇಳಿದ ಕೂಡಲೇ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡವ್ವ. ಬಸವ ಜಯಂತಿ ಮುಗಿಸಿ ನಾನ ಬರ್ತೇನಿ. ಅರಿವಿ ಕಟ್ಟಿಡು" ಎಂದ ಅಣ್ಣ. ಅರಿವಿ ಎಂದರೆ ನಮ್ಮಲ್ಲಿ ಬಟ್ಟೆ.

ಬೇಸಿಗೆಗೆ ಎನ್ನುವುದು ಹೆಸರಿಗೆ ಮಾತ್ರ. ಹೋದರೆ ಮರಳಿ ಬರಲಾರೆ ಎಂದು ನನ್ನ ಮನಸ್ಸಿಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು. "ಕೂಸಿಗೆ ಆರಾಮ ಆಗೂದು ಮುಖ್ಯ" ಎಂದಷ್ಟೇ ಹೇಳಿ ಅವರು ಮಗಳ ಬೆನ್ನಿಗೆ ಗಾಳಿ ಹಾಕುತ್ತ ಕುಳಿತರು.

ಅವತ್ತು ನೆನೆಹಾಕಿ, ಹಿಂಡಿ ಒಣಗಿಸಿಟ್ಟಿದ್ದ ಕಾಗದವನ್ನು ಚೆಲ್ಲಲು ಮನಸ್ಸಾಗಲಿಲ್ಲ. ನಮ್ಮವ್ವ ಹಳೆಯ ಕಾಗದವನ್ನು ಎಂದೂ ಚೆಲ್ಲಿದವಳಲ್ಲ. ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಬಡಿದು ಒಣಗಿಸಿದರೆ ಗಟ್ಟಿ ಬುಟ್ಟಿಯಾಗುತ್ತದೆ. ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ. ನಾನೂ ಹಾಗೇ ರುಬ್ಬಿ, ಪಾತ್ರೆಗೆ ತೆಳ್ಳಗೆ ಬಟ್ಟೆ ಸುತ್ತಿ, ಮೇಲೆ ಮುದ್ದೆ ಬಡಿದು ಬಿಸಿಲಿಗಿಟ್ಟೆ. ಕೈ ಆಡುತ್ತಿದ್ದಷ್ಟು ಹೊತ್ತು ಮನಸ್ಸು ಸುಮ್ಮನಿತ್ತು.

ಅದು ಒಣಗುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ನಾನು ತೆಗೆಯಲಿಲ್ಲ.

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಎಷ್ಟು ದಿನ ಅಂತ ಅರ್ಧ ಕೊಡದಲ್ಲಿ ಸಂಸಾರ ಮಾಡ್ತೀಯ? ಬಾಗಿಲು ತೆಗಿ, ಕೈ ಸೋಲ್ತಾ ಇದೆ ನಂಗೆ."

ತೆಗೆದರೆ ಸರೋಜಮ್ಮನ ತೋಳಿನ ತುಂಬ ಕಂದು ಬಣ್ಣದ, ತೊಗಲಿನ ಹಾಗೆ ದಪ್ಪಗೆ ಸುರುಳಿ ಸುತ್ತಿಕೊಂಡ ಏನೋ ಇತ್ತು. ಅಡಿಕೆ ಗರಿಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಅಗಲದ ಭಾಗ ಒಣಗಿ ತಾನಾಗಿ ಉದುರುತ್ತದೆ. ಅದೇ ಇಲ್ಲಿಯ ಹಾಳೆ. ಅವರ ತವರು ಹೊಳೆಹೊನ್ನೂರಿನಿಂದ ಬಸ್ಸಿನ ಮೇಲೆ ಹಾಕಿಸಿ ತಂದಿದ್ದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಹಿಂದಿನ ಬಾಡಿಗೆಯವರು ಬಚ್ಚಲಿನ ಹಿಂದೆ ಇಂಥವೇ ಒಂದು ಕಟ್ಟು ಬಿಟ್ಟು ಹೋಗಿದ್ದರು. ಏನೋ ಕಸವೆಂದು ದಿನಾ ಒಂದೊಂದಾಗಿ ಹಂಡೆಯ ಒಲೆಗೆ ಹಾಕಿ ನಾನೇ ಮುಗಿಸಿದ್ದೆ.

"ಬಚ್ಚಲ ಹಿಂದ ಇದ್ದವನ್ನ ನಾ ಸುಟ್ಟಬಿಟ್ಟೇನ್ರಿ" ಎಂದೆ.

"ಸುಟ್ಯಾ?" ಎಂದವರಿಗೆ ತುಟಿ ಅದುರಿತು. ಈ ಸಲ ನನಗೂ ನಗು ಬಂತು. ಅಷ್ಟರಲ್ಲಿ ಬಿಸಿಲಿಗಿಟ್ಟ ಬುಟ್ಟಿ ಅವರ ಕಣ್ಣಿಗೆ ಬಿತ್ತು. ಎತ್ತಿಕೊಂಡು ಬೆರಳಿನಿಂದ ಬಡಿದು ನೋಡಿದರು. "ಇದು ಅವತ್ತಿನ ಪರೀಕ್ಷೆ ಪೇಪರ್ರಾ? ಎಷ್ಟು ಚೆನ್ನಾಗಿದೆ! ಮಾರಾಯ್ತಿ, ನಂಗೂ ಹೇಳ್ಕೊಡು. ಬೀದಿ ತುಂಬಾ ಸಾರ್ಕೊಂಡು ಬಂದೆ ನೋಡು, ನನ್ನ ಬಾಯಿ ಸ್ವಲ್ಪ ಉದ್ದ." ಅದೇ ಅವರ ಕ್ಷಮೆಯಾಗಿತ್ತು. ನನಗೆ ಅಷ್ಟು ಸಾಕಾಯಿತು.

ಹಾಳೆ ಒಣಗಿದ್ದಾಗ ಮುರಿಯುತ್ತದೆ, ನೆನೆದರೆ ಹೇಳಿದಂತೆ ಕೇಳುತ್ತದೆ. ಎರಡು ಹಾಳೆ ಸೇರಿಸಿ ಹೊಲಿದು, ತುದಿ ಮಡಚಿ ಕಟ್ಟಿ ಸರೋಜಮ್ಮ ಮಗಳಿಗೆ ತೊಟ್ಟಿಲಿನಂಥ ಸ್ನಾನದ ದೋಣಿ ಮಾಡಿದರು. ನಮ್ಮಲ್ಲಿ ಕೂಸನ್ನು ಚಾಚಿದ ಕಾಲಿನ ಮೇಲೆ ಹಾಕಿಕೊಂಡು ಎರೆಯುತ್ತೇವೆ. ಬೆವರುಸಾಲೆ ಎದ್ದ ಮೈ ನನ್ನ ಕಾಲಿಗೆ ತಾಗಿದರೆ ಅವಳು ಚೀರುತ್ತಿದ್ದಳು. ನುಣ್ಣನೆಯ ಹಾಳೆಯಲ್ಲಿ, ಬೇವಿನೆಲೆ ಕುದಿಸಿ ಆರಿಸಿದ ನೀರಿನೊಳಗೆ ಮಲಗಿಸಿದಾಗ ಸುಮ್ಮನೆ ಕೈಕಾಲು ಬಡಿದು ನಕ್ಕಳು. ಉಳಿದ ತುಂಡಿನಲ್ಲಿ ಬೀಸಣಿಗೆ ಕತ್ತರಿಸಿದೆವು.

ಮುಂದೆ ಸೂರಿನ ಕೆಲಸ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ ಯಜಮಾನರು ಶಾಲೆ ಬಿಟ್ಟ ಕೂಡಲೇ ಏಣಿ ಏರುತ್ತಿದ್ದರು. ಶೀಟು ಒಡೆಯದಂತೆ ಹಲಗೆ ಹಾಸಿಕೊಂಡು, ಅನ್ನದ ಗಂಜಿ ಬೆರೆಸಿದ ಸುಣ್ಣ ಬಳಿದರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂದು ಏಣಿಯ ಮೇಲಿಂದಲೇ ನಮ್ಮಿಬ್ಬರಿಗೂ ಪಾಠ ಮಾಡಿದರು. ಅದರ ಮೇಲೆ ಸೋಗೆ ಹೊದಿಸಿಬಿಡಿ ಎಂದು ಸರೋಜಮ್ಮ ಪಟ್ಟು ಹಿಡಿದರು. ಸೋಗೆ ಎಂದರೆ ಅಡಿಕೆಯ ಒಣಗರಿ. ಹೊದಿಸಿದೆವು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಏನಾಗುತ್ತದೆಂದು ಗಾದೆಯಲ್ಲಿದೆ. ಸೋಗೆ ಕೊಟ್ಟರೆ ಏನಾಗುತ್ತದೆಂದು ನಾವು ಕಣ್ಣಾರೆ ಕಂಡೆವು. ಮರುದಿನ ಒಂದು ಹಿಂಡೇ ಬಂದು ಅದನ್ನು ಬೀದಿಯ ತುಂಬ ಎಳೆದಾಡಿ ಹಬ್ಬ ಮಾಡಿತು. "ನಮ್ಮ ಹೊಳೆಹೊನ್ನೂರಲ್ಲಿ ಹಿಂಗೆ ಆಗಲ್ಲಪ್ಪ" ಎಂದು ಸರೋಜಮ್ಮ ಮಂಗಗಳ ಮೇಲೇ ತಪ್ಪು ಹೊರಿಸಿದರು.

ಆಗ ನನಗೆ ನೆನಪಾದದ್ದು ಹೊರಡುವಾಗ ಅವ್ವ ಸೆರಗಿನ ತುದಿಗೆ ಕಟ್ಟಿಕೊಟ್ಟಿದ್ದ ಹೀರೆಯ ಬೀಜ. ಹಾಳೆಯ ತುಂಡುಗಳನ್ನು ಲೋಟದ ಹಾಗೆ ಸುತ್ತಿ ದಾರ ಕಟ್ಟಿ, ಮಣ್ಣು ಗೊಬ್ಬರ ತುಂಬಿ ಒಂದೊಂದರಲ್ಲಿ ಒಂದೊಂದು ಬೀಜ ಊರಿದೆ. ಸಸಿಯಾದ ಮೇಲೆ ಹಾಳೆಸಮೇತ ನೆಲಕ್ಕೆ ಇಳಿಸಿದರೆ ಬೇರಿಗೆ ಪೆಟ್ಟಿಲ್ಲ, ಹಾಳೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಅಡಿಕೆ ಮರ ಸೀಳಿದ ದಬ್ಬೆಗಳಿಂದ ಸೂರಿನ ಮೇಲೆ ಚಪ್ಪರ ಕಟ್ಟಿದೆವು. ಶೀಟಿಗೂ ಚಪ್ಪರಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಬೇಕು ಎಂದವರು ಯಜಮಾನರು. ಮಗಳ ಸ್ನಾನದ ನೀರೆಲ್ಲ ಬಳ್ಳಿಯ ಬುಡಕ್ಕೆ ಹೋಗುವಂತೆ ಬಚ್ಚಲಿನಿಂದ ಸಣ್ಣ ಕಾಲುವೆ ತೆಗೆದೆ. ಬಳ್ಳಿ ಮೊದಮೊದಲು ಸತಾಯಿಸಿತು. ಆಮೇಲೆ ಒಂದು ಸಲ ದಬ್ಬೆ ಹಿಡಿಯಿತು ನೋಡಿ, ಬೆಳಿಗ್ಗೆ ನೋಡಿದ ತುದಿ ಸಂಜೆಗೆ ಅಲ್ಲಿರುತ್ತಿರಲಿಲ್ಲ. ಸಂಜೆಯಾದರೆ ಸೂರಿನ ತುಂಬ ಹಳದಿ ಹೂವು. ಮಂಗಗಳಿಗೆ ಅದೇಕೋ ಹೀರೆ ರುಚಿಸಲಿಲ್ಲ.

ಬಸವ ಜಯಂತಿ ಮುಗಿಸಿ ಅಣ್ಣ ಬಂದ. ನನ್ನ ಬಟ್ಟೆಗೆಂದು ದೊಡ್ಡ ಖಾಲಿ ಚೀಲವನ್ನೂ ತಂದಿದ್ದ. ಒಳಗೆ ಕಾಲಿಟ್ಟು ಸೂರು ನೋಡಿದ.

"ಶೀಟಿನ ಮನಿ ಅಂದಿದ್ದಿ. ಇಷ್ಟು ತಂಪ ಹ್ಯಾಂಗ?"

ನಾನು ಅವನ ಕೈಗೆ ನೀರಿನ ಲೋಟ ಕೊಟ್ಟೆ. ನನ್ನ ಕಿವಿಯೆಲ್ಲ ಮಧ್ಯಾಹ್ನದ ಕಡೆಗಿತ್ತು. ಮಗಳ ಮೈಯ ಕೆಂಪು ಇಳಿದಿತ್ತು, ನಿಜ. ಆದರೆ ಅಣ್ಣನ ಎದುರಿಗೆ ಒಂದು ಸಲ ಚೀರಿದಳೆಂದರೆ ಮುಗಿಯಿತು, ಅವನು ಯಾರ ಮಾತೂ ಕೇಳುವವನಲ್ಲ. ಊಟವಾಯಿತು. ಅಣ್ಣ ಚಾಪೆಯ ಮೇಲೆ ಅಡ್ಡಾದ. ಪಕ್ಕದಲ್ಲಿ ಮಗಳನ್ನು ಮಲಗಿಸಿ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುತ್ತ ಕುಳಿತೆ. ಬಿಸಿಲು ನೆತ್ತಿಗೇರಿತು, ಇಳಿಯಿತು. ಮಗಳು ಏಳಲಿಲ್ಲ. ಅಣ್ಣ ಗೊರಕೆ ಹೊಡೆಯುತ್ತಿದ್ದ. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಷ್ಟು ಹಗುರವಾಯಿತು ನನಗೆ. ಇಷ್ಟು ದಿನ ಎಷ್ಟು ಹೆದರಿದ್ದೆ ಎಂಬುದು ಆಗ ಗೊತ್ತಾಯಿತು.

ಚಹಾ ಕುಡಿಯುತ್ತ ಅಣ್ಣ ಕೇಳಿದ: "ಅರಿವಿ ಕಟ್ಟೀಯೇನ?"

"ಇಲ್ಲ."

"ಯಾಕ?"

"ನಾ ಬಂದ್ರ ಹೀರಿ ಬಳ್ಳಿಗೆ ನೀರು ಹಾಕೋರು ಯಾರಣ್ಣಾ?"

ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಬಳ್ಳಿಗೆ ನೀರು ಹಾಕಲು ತಮಗೂ ಬರುತ್ತದೆ ಎಂದು ಅವರು ಹೇಳಬಹುದಿತ್ತು. ಅದರ ಬದಲು ಏಣಿ ಹಾಕಿಕೊಂಡು ಮೇಲೇರಿದವರು ಎಳೆಯ ಹೀರೆಕಾಯಿಗಳನ್ನು ಕೊಯ್ದು ಕೊಯ್ದು ಕೆಳಗೆ ಕೊಟ್ಟರು. ಅಣ್ಣನ ಖಾಲಿ ಚೀಲ ಅದರಿಂದಲೇ ತುಂಬಿತು. ಮೇಲೆ ಸರೋಜಮ್ಮ ಒಂದು ಹಾಳೆಯ ಬೀಸಣಿಗೆ ಸಿಕ್ಕಿಸಿ, "ನಿಮ್ಮಮ್ಮಂಗೆ ಕೊಡಿ" ಎಂದರು.

ಈಗ ನಾವು ಶಿವಮೊಗ್ಗದಲ್ಲಿ, ರಾಗಿಗುಡ್ಡದ ಕಡೆ ಇದ್ದೇವೆ. ಸ್ವಂತ ಮನೆ, ಗಟ್ಟಿ ಸೂರು. ಆದರೂ ಮೇಲೆ ಹೀರೆಯ ಚಪ್ಪರವಿದೆ. ಬೀಜ ಅದೇ ವಂಶದ್ದು. ಅಂಗಡಿಯವನಿಗೆ, ಹಾಲಿನವನಿಗೆ ನಾನು ಇಂದಿಗೂ 'ಬಿಜಾಪುರದಕ್ಕ'. ರೊಟ್ಟಿ ಎಂದರೆ ಇಲ್ಲಿಯವರಿಗೆ ಅಕ್ಕಿಯದು, ನನಗೆ ಜೋಳದ್ದು. ಆ ಜಗಳ ಇನ್ನೂ ಬಗೆಹರಿದಿಲ್ಲ. ಸರೋಜಮ್ಮ ಭದ್ರಾವತಿಯಿಂದ ಬಂದಾಗಲೆಲ್ಲ ಕಾಗದದ ಬುಟ್ಟಿಯಲ್ಲೇ ಏನಾದರೂ ತರುತ್ತಾರೆ. ಅವರದು ನನ್ನದಕ್ಕಿಂತ ನುಣುಪಾಗಿರುತ್ತದೆ, ಹೊಟ್ಟೆಕಿಚ್ಚಾಗುತ್ತದೆ.

ಮೊನ್ನೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದೆ. ಬೆಳಿಗ್ಗೆ ನೀರು ಕಾಯಿಸಿ, ಎಣ್ಣೆ ಹಚ್ಚಿದ ಕೂಸನ್ನು ಎತ್ತಿಕೊಂಡು ಬಚ್ಚಲಿನ ಹತ್ತಿರ ಹೋದೆ.

"ಅವ್ವಾ, ಒಂದು ದೊಡ್ಡ ಹಾಳೆ ಕೊಡು" ಎಂದೆ.

ಅವ್ವ ಒಳಗೆ ಹೋಗಿ, ಮೊಮ್ಮಗನ ನೋಟ್‌ಬುಕ್ಕಿನ ನಡುವಿನಿಂದ ಜೋಡಿ ಹಾಳೆ ಕಿತ್ತು ತಂದು ನನ್ನ ಕೈಗೆ ಕೊಟ್ಟಳು.

"ತಗೋ ಹಾಳಿ. ಇಷ್ಟ ಮುಂಜಾನೆದ್ದು ಯಾರಿಗೆ ಪತ್ರ ಬರೀತೀಯವ್ವ?"

ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕಾಗದ. ನಾನು ಮೊದಲು ಸರೋಜಮ್ಮ ನಕ್ಕ ಹಾಗೆಯೇ ನಕ್ಕೆ. ಆಮೇಲೆ, ನನ್ನ ಅವ್ವನ ಮನೆಯಲ್ಲಿ ನನ್ನ ಮಾತು ನನ್ನ ಅವ್ವನಿಗೆ ತಿಳಿಯಲಿಲ್ಲವಲ್ಲ ಎಂದು ನಗು ನಿಂತಿತು. ನೀರು ಆರುತ್ತಿತ್ತು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಮೇಲೆ ಕುಳಿತು, ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡೆ. ನನ್ನ ಕಾಲಿಗೆ ರೂಢಿ ತಪ್ಪಿತ್ತು, ಕೂಸು ಒಂದು ಕಡೆ ಜಾರಿತು. ಅವ್ವ ಎದುರಿಗೆ ಕುಳಿತು ಅದರ ತಲೆ ಹಿಡಿದುಕೊಂಡಳು.

"ಹಾಕು ನೀರು" ಎಂದಳು. ಹಾಕಿದೆ.